ಫಾರ್ಮ್ಯಾಟ್ ಹೊಡೆಸುವ ಮೊದಲು: ಒಂದಕ್ಕೊಂದು ಅಡ್ಡ ಬರುವ ಸಾಫ್ಟ್‌ವೇರ್‌ಗಳನ್ನು ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಹೊಸದೊಂದು ಸಾಫ್ಟ್‌ವೇರ್ ಹಾಕಿದ ಮರುದಿನ ಹಳೆಯದೊಂದು ಕೈಕೊಡುತ್ತದೆ. ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಕೀಬೋರ್ಡಿನಲ್ಲಿ ಒತ್ತಿದ್ದು ಒಂದಕ್ಷರ, ಪರದೆ ಮೇಲೆ ಬಿದ್ದದ್ದು ಎರಡು. ಡಿಜಿಟಲ್ ಸಹಿಯ ಟೋಕನ್ (ಪೆನ್‌ಡ್ರೈವ್‌ನಂಥ ಸಣ್ಣ ಸಾಧನ) ಚುಚ್ಚಿದರೆ ವೆಬ್‌ಸೈಟಿಗೆ ಅದು ಕಾಣುವುದೇ ಇಲ್ಲ. ಅಂಗಡಿಗೆ ಒಯ್ದರೆ ಸಿಗುವ ಉತ್ತರ ಬಹುಪಾಲು ಒಂದೇ: "ಫಾರ್ಮ್ಯಾಟ್ ಹೊಡಿಬೇಕು."

ನಾನು ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ಮಂಡಿ, ಪ್ರಿಂಟಿಂಗ್ ಪ್ರೆಸ್, ಸೊಸೈಟಿಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಫಾರ್ಮ್ಯಾಟ್ ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಮತ್ತೆ ಹಾಕುವುದಷ್ಟೇ ಅಲ್ಲ. ಪ್ರಿಂಟರ್ ಡ್ರೈವರ್ (ಸಾಧನವನ್ನು ಓಡಿಸುವ ಸಾಫ್ಟ್‌ವೇರ್), ಟೋಕನ್ ಡ್ರೈವರ್, ಟ್ಯಾಲಿ ಲೈಸೆನ್ಸ್, ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರಿನ ಹಳೆಯ ಫಾಂಟ್, ಸಿಡಿ ಎಲ್ಲೋ ಕಳೆದುಹೋಗಿರುವ, ಪುಟ ವಿನ್ಯಾಸದ ಪೇಜ್‌ಮೇಕರ್, ಎಲ್ಲವನ್ನೂ ಹುಡುಕಿ ಮತ್ತೆ ಹೊಂದಿಸಬೇಕು. ಹೊಸನಗರದಿಂದ ಸಿಪಿಯು ಬಸ್ಸಿಗೆ ಹಾಕಿಕೊಂಡು ಬಂದವರಿಗೆ ಇದು ಸಣ್ಣ ಮಾತಲ್ಲ. ಅದೇ ಎರಡು ಸಾಫ್ಟ್‌ವೇರ್ ಮತ್ತೆ ಹಾಕಿದರೆ ಅದೇ ತೊಂದರೆ ಮತ್ತೆ ಬರುತ್ತದೆ ಎಂಬುದಂತೂ ಖಂಡಿತ.

ಸಾಫ್ಟ್‌ವೇರ್ ಜಗಳ ಇಡೀ ಕಂಪ್ಯೂಟರಿನದ್ದಲ್ಲ. ಸಾಮಾನ್ಯವಾಗಿ ಎರಡೇ ಎರಡು ಸಾಫ್ಟ್‌ವೇರ್‌ಗಳು ಯಾವುದೋ ಒಂದು ವಸ್ತುವಿಗಾಗಿ ಕಿತ್ತಾಡುತ್ತಿರುತ್ತವೆ. ಅದು ಕೀಬೋರ್ಡ್ ಇರಬಹುದು, ಒಂದು ಫೈಲ್ ಇರಬಹುದು, ಸಾಫ್ಟ್‌ವೇರ್‌ಗಳು ಒಂದರ ಜೊತೆ ಇನ್ನೊಂದು ಮಾತಾಡಲು ಬಳಸುವ ಪೋರ್ಟ್ ನಂಬರ್ ಇರಬಹುದು. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು: ಯಾವ ಎರಡು? ಯಾವುದಕ್ಕಾಗಿ? ಕೆಳಗಿನ ಹಂತಗಳೆಲ್ಲ ಈ ಎರಡು ಪ್ರಶ್ನೆಗೆ ಉತ್ತರ ಹುಡುಕುವ ದಾರಿ. ಇವು ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತವೆ. ಮೆನು ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ನಿಮ್ಮ ಪರದೆಯಲ್ಲಿ ಅವು ಇಂಗ್ಲಿಷಿನಲ್ಲಿ ಇರುತ್ತವೆ.

ಹಂತ 1: ಕೈ ಹಾಕುವ ಮೊದಲು

ಮೊದಲು ಡೇಟಾ. ಟ್ಯಾಲಿ ಪ್ರೈಮ್ ಇದ್ದರೆ ಆಲ್ಟ್ ಮತ್ತು ವೈ ಒತ್ತಿ, ಬ್ಯಾಕಪ್ ಆರಿಸಿ, ಪೆನ್‌ಡ್ರೈವ್‌ಗೆ ತೆಗೆದಿಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು ನಕಲು ಮಾಡಿ. ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರಿನಿಂದ ನಿಮ್ಮ ಕನ್ನಡ ಫಾಂಟ್‌ಗಳನ್ನೂ ನಕಲು ಮಾಡಿಡಿ. ಇದನ್ನು ಎಲ್ಲರೂ ಮರೆಯುತ್ತಾರೆ. ಹತ್ತು ವರ್ಷದ ಲಗ್ನಪತ್ರಿಕೆ ಮಾದರಿಗಳೆಲ್ಲ ಆ ಫಾಂಟ್‌ಗಳ ಮೇಲೆ ನಿಂತಿರುತ್ತವೆ.

ಎರಡನೆಯದು ರಿಸ್ಟೋರ್ ಪಾಯಿಂಟ್. ಸ್ಟಾರ್ಟ್ ಒತ್ತಿ 'ರಿಸ್ಟೋರ್' ಎಂದು ಟೈಪ್ ಮಾಡಿದರೆ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಬರುತ್ತದೆ. ತೆರೆದು ಸಿ ಡ್ರೈವ್ ಎದುರು 'ಆನ್' ಇದೆಯಾ ನೋಡಿ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಆಫ್ ಆಗಿಯೇ ಇರುತ್ತದೆ. 'ಕಾನ್ಫಿಗರ್' ಒತ್ತಿ ಆನ್ ಮಾಡಿ, ಆಮೇಲೆ 'ಕ್ರಿಯೇಟ್' ಒತ್ತಿ ಒಂದು ಹೆಸರು ಕೊಡಿ. ಮುಂದೆ ಏನಾದರೂ ಕೆಟ್ಟರೆ ಈ ಜಾಗಕ್ಕೆ ಹಿಂದಿರುಗಬಹುದು. ಆಗ ನಿಮ್ಮ ಕಾಗದಪತ್ರಗಳ ಫೈಲ್ ಹಾಳಾಗುವುದಿಲ್ಲ, ಆದರೆ ಆ ದಿನದ ನಂತರ ಹಾಕಿದ ಸಾಫ್ಟ್‌ವೇರ್ ಹೋಗುತ್ತದೆ.

ಮೂರನೆಯದು ಕರೆಂಟು. ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸವನ್ನು ಯುಪಿಎಸ್ ಇಲ್ಲದೆ ಶುರು ಮಾಡಲೇಬೇಡಿ. ಇನ್‌ಸ್ಟಾಲ್ ಅರ್ಧದಲ್ಲಿದ್ದಾಗ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ, ಆ ಸಾಫ್ಟ್‌ವೇರ್ ಪೂರ್ತಿ ಇದ್ದ ಹಾಗೂ ಅಲ್ಲ, ಇಲ್ಲದ ಹಾಗೂ ಅಲ್ಲ. ತೆಗೆಯಲು ಹೋದರೆ ಬರುವುದಿಲ್ಲ, ಮತ್ತೆ ಹಾಕಲು ಹೋದರೆ 'ಆಗಲೇ ಇದೆ' ಅನ್ನುತ್ತದೆ. ನಾನು ನೋಡುವ ಜಗಳಗಳಲ್ಲಿ ತುಂಬ ಇಲ್ಲಿಂದಲೇ ಹುಟ್ಟಿದವು. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮೊದಲೇ ನೋಡಿಕೊಳ್ಳಿ.

ಒಂದು ನೋಟ್‌ಬುಕ್ಕೂ ಪಕ್ಕದಲ್ಲಿರಲಿ. ಏನು ತೆಗೆದಿರಿ, ಏನು ಆಫ್ ಮಾಡಿದಿರಿ, ಯಾವ ಕ್ರಮದಲ್ಲಿ ಎಂದು ಬರೆಯುತ್ತ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

ಹಂತ 2: ಯಾವ ದಿನದಿಂದ ಕೆಟ್ಟಿತು?

"ಏನೂ ಹೊಸದು ಹಾಕಿಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಎಷ್ಟೋ ಸಾಫ್ಟ್‌ವೇರ್ ತಾನಾಗಿಯೇ ಅಪ್‌ಡೇಟ್ ಆಗುತ್ತದೆ, ಒಂದರ ಜೊತೆ ಇನ್ನೊಂದು ಹೇಳದೆ ಬರುತ್ತದೆ. ಆದ್ದರಿಂದ ಜನರನ್ನು ಕೇಳುವ ಬದಲು ಕಂಪ್ಯೂಟರನ್ನೇ ಕೇಳಿ.

ಸ್ಟಾರ್ಟ್ ಒತ್ತಿ 'ರಿಲಯಬಿಲಿಟಿ' ಎಂದು ಟೈಪ್ ಮಾಡಿ. 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಎಂಬುದನ್ನು ತೆರೆಯಿರಿ. ದಿನದಿನದ ಪಟ್ಟಿ ಬರುತ್ತದೆ. ಸಾಫ್ಟ್‌ವೇರ್ ಬಿದ್ದ ದಿನಕ್ಕೆ ಕೆಂಪು ಗುರುತು, ಹಾಕಿದ ಅಥವಾ ಅಪ್‌ಡೇಟ್ ಆದ ದಿನಕ್ಕೆ ನೀಲಿ ಗುರುತು. ಮೊದಲ ಕೆಂಪು ಗುರುತು ಎಲ್ಲಿದೆ ನೋಡಿ. ಅದೇ ದಿನ ಅಥವಾ ಅದರ ಹಿಂದಿನ ದಿನ ಯಾವ ನೀಲಿ ಗುರುತು ಇದೆ ನೋಡಿ. ಅದರ ಮೇಲೆ ಒತ್ತಿದರೆ ಹೆಸರು ಸಿಗುತ್ತದೆ. ವಿಂಡೋಸ್‌ನಲ್ಲಿ ಇಷ್ಟು ಉಪಯೋಗದ, ಇಷ್ಟು ಕಡಿಮೆ ಜನರಿಗೆ ಗೊತ್ತಿರುವ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೆಂಪು ಗುರುತಿನ ವಿವರ ತೆರೆದರೆ 'ಫಾಲ್ಟ್ ಮಾಡ್ಯೂಲ್ ನೇಮ್' ಎಂಬ ಸಾಲು ಇರುತ್ತದೆ. ಬಿದ್ದದ್ದು ಟ್ಯಾಲಿಯಾದರೂ ಬೀಳಿಸಿದ ಫೈಲ್ ಬೇರೆಯವರದಾಗಿರಬಹುದು. ಆ ಫೈಲ್ ಹೆಸರನ್ನು ಬರೆದುಕೊಳ್ಳಿ, ಆಮೇಲೆ ಸಿ ಡ್ರೈವಿನಲ್ಲಿ ಹುಡುಕಿ. ಅದು ಯಾವ ಫೋಲ್ಡರಿನಲ್ಲಿದೆಯೋ ಆ ಸಾಫ್ಟ್‌ವೇರ್ ಮೇಲೆ ಅನುಮಾನ ಇಡಬಹುದು. ವಿಂಡೋಸಿನದೇ ಫೈಲ್ ಆಗಿದ್ದರೆ ಮಾತ್ರ ಅವಸರದ ತೀರ್ಮಾನ ಬೇಡ. ಎಲ್ಲ ಸಾಫ್ಟ್‌ವೇರ್‌ಗಳೂ ಅವುಗಳ ಮೂಲಕವೇ ಕೆಲಸ ಮಾಡುವುದರಿಂದ ಅಲ್ಲಿ ಬಿದ್ದಂತೆ ಕಾಣುವುದು ಸಹಜ.

ಹಂತ 3: ನಿಜಕ್ಕೂ ಸಾಫ್ಟ್‌ವೇರ್ ಜಗಳವೇನಾ?

ಪ್ರತಿ ಸಲ ಬೇರೆ ಬೇರೆ ಸಾಫ್ಟ್‌ವೇರ್ ಬೀಳುತ್ತಿದ್ದರೆ, ಯಾವ ಹೊತ್ತಿಗೆ ಅಂತ ಲೆಕ್ಕವೇ ಇಲ್ಲದಿದ್ದರೆ, ಅದು ಜಗಳ ಅಲ್ಲದಿರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ತೀರ್ಥಹಳ್ಳಿ ಕಡೆ ಗೋಡೆಗೇ ಬೂಸ್ಟು ಹಿಡಿಯುತ್ತದೆ. ಆ ತೇವ ರ್‍ಯಾಮ್ ಕಡ್ಡಿಯ ಚಿನ್ನದ ಬಣ್ಣದ ಅಂಚಿಗೂ ತಾಗುತ್ತದೆ. ಸ್ಟಾರ್ಟ್‌ನಲ್ಲಿ 'ಮೆಮೊರಿ' ಎಂದು ಟೈಪ್ ಮಾಡಿದರೆ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಸಿಗುತ್ತದೆ, ಒಮ್ಮೆ ಓಡಿಸಿ. ತಪ್ಪು ತೋರಿಸಿದರೆ ಕರೆಂಟ್ ವೈರ್ ಪೂರ್ತಿ ತೆಗೆದು, ರ್‍ಯಾಮ್ ಕಳಚಿ, ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ ಮತ್ತೆ ಕೂರಿಸಿ. ಹಾರ್ಡ್‌ಡಿಸ್ಕ್ ಆರೋಗ್ಯ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದು 'ಕಾಷನ್' ಅಥವಾ 'ಬ್ಯಾಡ್' ಅಂದರೆ ಡೇಟಾ ತೆಗೆದಿಟ್ಟು ಡಿಸ್ಕ್ ಬದಲಿಸಿ. ಅಂಥ ಡಿಸ್ಕಿನ ಮೇಲೆ ಸಾಫ್ಟ್‌ವೇರ್ ಎಷ್ಟು ಸರಿಪಡಿಸಿದರೂ ದಂಡ.

ಹಂತ 4: ಕ್ಲೀನ್ ಬೂಟ್ ಮಾಡಿ ಅರ್ಧ ಅರ್ಧ ಹುಡುಕುವುದು

ಕ್ಲೀನ್ ಬೂಟ್ ಅಂದರೆ ವಿಂಡೋಸಿಗೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಕಂಪ್ಯೂಟರ್ ಏಳಿಸುವುದು. ರಿಲಯಬಿಲಿಟಿ ಪಟ್ಟಿಯಲ್ಲಿ ಉತ್ತರ ಸಿಗದಿದ್ದರೆ ಮಾತ್ರ ಇದು. ಸ್ಟಾರ್ಟ್‌ನಲ್ಲಿ 'ಸಿಸ್ಟಂ ಕಾನ್ಫಿಗರೇಷನ್' ತೆರೆಯಿರಿ. 'ಸರ್ವಿಸಸ್' (ಹಿನ್ನೆಲೆಯಲ್ಲಿ ಓಡುವ ಸಾಫ್ಟ್‌ವೇರ್‌ಗಳ) ವಿಭಾಗಕ್ಕೆ ಹೋಗಿ, ಕೆಳಗಿರುವ 'ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್' ಎಂಬುದಕ್ಕೆ ಮೊದಲು ಟಿಕ್ ಹಾಕಿ. ಇದನ್ನು ಬಿಟ್ಟು ಮುಂದೆ ಹೋದರೆ ವಿಂಡೋಸ್‌ಗೇ ಬೇಕಾದ ಸರ್ವಿಸ್‌ಗಳು ಆಫ್ ಆಗಿ ಲಾಗಿನ್ ಆಗುವುದೂ ಕಷ್ಟವಾಗಬಹುದು. ಟಿಕ್ ಹಾಕಿದ ಮೇಲೆ ಉಳಿದ ಪಟ್ಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ನಂತರ 'ಡಿಸೇಬಲ್ ಆಲ್'. ಆಮೇಲೆ ಟಾಸ್ಕ್ ಮ್ಯಾನೇಜರ್‌ನ 'ಸ್ಟಾರ್ಟಪ್' ವಿಭಾಗದಲ್ಲಿ ಇರುವುದನ್ನೆಲ್ಲ ಒಂದೊಂದಾಗಿ ಡಿಸೇಬಲ್ ಮಾಡಿ ರಿಸ್ಟಾರ್ಟ್ ಮಾಡಿ. ಸಿಸ್ಟಂ ಕಾನ್ಫಿಗರೇಷನ್‌ನ 'ಬೂಟ್' ವಿಭಾಗಕ್ಕೆ ಮಾತ್ರ ಕೈ ಹಾಕಬೇಡಿ.

ಈಗ ತೊಂದರೆ ಹೋಯಿತು ಅಂದುಕೊಳ್ಳಿ. ಅಂದರೆ ಆಫ್ ಮಾಡಿದವುಗಳಲ್ಲೇ ಕಾರಣ ಇದೆ. ಅವುಗಳಲ್ಲಿ ಅರ್ಧ ಆನ್ ಮಾಡಿ ರಿಸ್ಟಾರ್ಟ್ ಮಾಡಿ. ತೊಂದರೆ ಬಂದರೆ ಕಾರಣ ಈ ಅರ್ಧದಲ್ಲಿದೆ, ಬರದಿದ್ದರೆ ಇನ್ನರ್ಧದಲ್ಲಿ. ಸಿಕ್ಕ ಅರ್ಧವನ್ನು ಮತ್ತೆ ಅರ್ಧ ಮಾಡಿ. 32 ಸಾಫ್ಟ್‌ವೇರ್ ಇದ್ದರೂ ಐದು ಸಲ ರಿಸ್ಟಾರ್ಟ್ ಮಾಡುವುದರೊಳಗೆ ಒಂದೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ 'ಜನರಲ್' ವಿಭಾಗದಲ್ಲಿ 'ನಾರ್ಮಲ್ ಸ್ಟಾರ್ಟಪ್' ಆರಿಸುವುದು ನೆನಪಿರಲಿ. ಇಲ್ಲದಿದ್ದರೆ ನಾಳೆ ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಎಂದು ಹೊಸ ತಲೆನೋವು.

ಅತಿ ಕಡಿಮೆ ಡ್ರೈವರ್‌ಗಳೊಂದಿಗೆ ವಿಂಡೋಸ್ ಏಳಿಸುವ ಸೇಫ್ ಮೋಡ್ ಯಾಕೆ ಬೇಡ ಎಂದು ಕೇಳುತ್ತಾರೆ. ಕಂಪ್ಯೂಟರ್ ಮಾಮೂಲಾಗಿ ಏಳುವುದೇ ಇಲ್ಲ ಅಂದಾಗ ಅದು ಬೇಕು. ಆದರೆ ಸೇಫ್ ಮೋಡ್‌ನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ ತಾನಾಗಿ ಓಡುವುದಿಲ್ಲ, ಹಾಗಾಗಿ ಎಷ್ಟೋ ಸಾಫ್ಟ್‌ವೇರ್‌ಗಳನ್ನು ಅಲ್ಲಿಂದ ತೆಗೆಯಲು ಆಗುವುದಿಲ್ಲ. ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಇದ್ದರೆ ಸೇಫ್ ಮೋಡ್‌ಗೆ ಹೋಗುವಾಗ ರಿಕವರಿ ಕೀ ಕೇಳಬಹುದು, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಹಂತ 5: ನಮ್ಮ ಕಡೆ ಪದೇ ಪದೇ ಕಾಣುವ ಜಗಳಗಳು

*ನುಡಿ, ಬರಹ ಮತ್ತು ವಿಂಡೋಸಿನ ಸ್ವಂತ ಕನ್ನಡ ಕೀಬೋರ್ಡ್*

ಇದನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ಇದಕ್ಕೆ ಹೊರಗಿನ ಯಾವ ಮಾರ್ಗದರ್ಶಿಯಲ್ಲೂ ಉತ್ತರ ಸಿಗುವುದಿಲ್ಲ. ನುಡಿ ಆಗಲಿ ಬರಹ ಆಗಲಿ, ಎರಡೂ ಮಾಡುವ ಕೆಲಸ ಒಂದೇ ರೀತಿಯದು. ನೀವು ಕೀ ಒತ್ತಿದ ಕೂಡಲೇ, ಅದು ವರ್ಡ್‌ಗೋ ಪೇಜ್‌ಮೇಕರ್‌ಗೋ ತಲುಪುವ ಮೊದಲು ಮಧ್ಯದಲ್ಲಿ ಹಿಡಿದು ಕನ್ನಡ ಮಾಡಿ ಕಳಿಸುತ್ತವೆ. ಎರಡೂ ಒಟ್ಟಿಗೆ ಓಡುತ್ತಿದ್ದರೆ ಒಂದು ಕಳಿಸಿದ್ದನ್ನು ಇನ್ನೊಂದು ಹಿಡಿಯುತ್ತದೆ. ಅಕ್ಷರ ಎರಡು ಬೀಳುವುದು, ಒತ್ತಕ್ಷರ ಒಡೆಯುವುದು, ಬ್ಯಾಕ್‌ಸ್ಪೇಸ್ ಒಂದು ಒತ್ತಿದರೆ ಮೂರು ಅಳಿಯುವುದು, ಎಲ್ಲ ಇದರಿಂದಲೇ. ಮೂರನೆಯದಾಗಿ ವಿಂಡೋಸಿನ ಕನ್ನಡ ಕೀಬೋರ್ಡ್ ಕೂಡ ಆನ್ ಇದ್ದರಂತೂ ಏನು ಬೀಳುತ್ತದೆ ಎಂದು ಹೇಳಲಾಗದು.

ಪರೀಕ್ಷೆ ಸುಲಭ. ಗಡಿಯಾರದ ಪಕ್ಕದ ಸಣ್ಣ ಚಿತ್ರಗಳನ್ನು ನೋಡಿ, ನುಡಿ ಮತ್ತು ಬರಹ ಎರಡೂ ಕಂಡರೆ ಒಂದನ್ನು ಪೂರ್ತಿ ಮುಚ್ಚಿ. ಆಫ್ ಮಾಡಿದರೆ ಸಾಲದು, 'ಎಕ್ಸಿಟ್' ಕೊಡಬೇಕು. ನುಡಿಯಲ್ಲಿ ಸ್ಕ್ರಾಲ್ ಲಾಕ್ ಒತ್ತಿ ಕನ್ನಡ–ಇಂಗ್ಲಿಷ್ ಬದಲಿಸುತ್ತೇವೆ, ಬರಹದಲ್ಲಿ ಎಫ್11. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ವಿಂಡೋಸಿನ ಕೀಬೋರ್ಡ್ ಬದಲಾಗುತ್ತದೆ. ನುಡಿ ಬಳಸುವಾಗ ವಿಂಡೋಸಿನದು ಇಂಗ್ಲಿಷಿನಲ್ಲೇ ಇರಬೇಕು.

ಶಾಶ್ವತ ಪರಿಹಾರ ಬೇಕಾದರೆ ಒಂದನ್ನು ಆರಿಸಿಕೊಳ್ಳಿ. ಪತ್ರ, ಇಮೇಲ್, ವಾಟ್ಸ್‌ಆ್ಯಪ್, ಟ್ಯಾಲಿ ಬಿಲ್ಲಿನಲ್ಲಿ 'ರಾಶಿ', 'ಬೆಟ್ಟೆ', 'ಗೊರಬಲು' ಎಂದು ಅಡಿಕೆಯ ಬಗೆ ಬರೆಯುವುದು, ಇಷ್ಟೇ ಆದರೆ ಎಲ್ಲ ಕಡೆ ಒಂದೇ ರೀತಿ ಓದಿಸಿಕೊಳ್ಳುವ ಯೂನಿಕೋಡ್ ಅಕ್ಷರ ಸಾಕು. ಅದಕ್ಕೆ ಬೇರೇನೂ ಹಾಕಬೇಕಿಲ್ಲ. ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಕನ್ನಡ ಸೇರಿಸಿ, ಇನ್‌ಸ್ಕ್ರಿಪ್ಟ್ ಅಥವಾ ಫೋನೆಟಿಕ್ ಕೀಬೋರ್ಡ್ ಆರಿಸಿ. ಫೋನೆಟಿಕ್ ಕೀಬೋರ್ಡ್ 2019ರ ವಿಂಡೋಸ್ 10 ಅಪ್‌ಡೇಟಿನಿಂದ ಒಳಗೇ ಬರುತ್ತದೆ. ಆದರೆ ಪ್ರೆಸ್‌ಗಳ ಕಥೆ ಬೇರೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದರ ನಂತರ ಆವೃತ್ತಿ ಬರಲಿಲ್ಲ, ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯುವುದಿಲ್ಲ. ಅಲ್ಲಿ ನುಡಿಯ ಹಳೆಯ ಆನ್ಸಿ ಫಾಂಟ್‌ಗಳೇ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ರೂಪ ಕೂರಿಸಿದವು) ಬೇಕು. ಅಂಥ ಕಂಪ್ಯೂಟರಿನಲ್ಲಿ ನುಡಿ ಇರಲಿ, ಬರಹ ತೆಗೆಯಿರಿ, ವಿಂಡೋಸಿನ ಕನ್ನಡ ಕೀಬೋರ್ಡನ್ನೂ ಪಟ್ಟಿಯಿಂದ ಅಳಿಸಿ. ಎರಡು ಬೇಕೇ ಬೇಕು ಅನ್ನುವವರು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್‌ನಲ್ಲಿ ಎರಡನ್ನೂ ಡಿಸೇಬಲ್ ಮಾಡಿ, ಬೇಕಾದಾಗ ಬೇಕಾದ್ದನ್ನು ಮಾತ್ರ ಕೈಯಾರೆ ತೆರೆಯಲಿ.

ಕೀಬೋರ್ಡ್ ಜಗಳವನ್ನು ಫಾಂಟ್ ತೊಂದರೆ ಜೊತೆ ಬೆರೆಸಬೇಡಿ. ಹಳೆಯ ಫೈಲ್ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ, ಆನ್ಸಿ ಫಾಂಟ್ ಇಲ್ಲ ಎಂದರ್ಥ. ಫೈಲ್ ಕೆಟ್ಟಿಲ್ಲ. ನಕಲು ಮಾಡಿಟ್ಟ ಫಾಂಟ್ ಹಾಕಿದರೆ ಅಕ್ಷರ ಮರಳುತ್ತದೆ. ಅಕ್ಷರದ ಬದಲು ಖಾಲಿ ಚೌಕ ಕಂಡರೆ ಯೂನಿಕೋಡ್ ಬರಹಕ್ಕೆ ಕನ್ನಡವಿಲ್ಲದ ಫಾಂಟ್ ಹಾಕಿದ್ದೀರಿ, ನಿರ್ಮಲಾ ಯುಐ ಅಥವಾ ತುಂಗಾ ಹಾಕಿ ನೋಡಿ.

ಇನ್ನೊಂದು ಸೂಕ್ಷ್ಮ ಇದೆ. ಎಲ್ಲ ಕಡೆ ಕನ್ನಡ ಬರುತ್ತದೆ, ಒಂದೇ ಒಂದು ಸಾಫ್ಟ್‌ವೇರ್‌ನಲ್ಲಿ ಬರುವುದಿಲ್ಲ ಅಂದರೆ, ಆ ಸಾಫ್ಟ್‌ವೇರ್ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆಗಿ ತೆರೆದಿದೆಯಾ ನೋಡಿ. ಹೆಚ್ಚಿನ ಅಧಿಕಾರದಲ್ಲಿ ಓಡುವುದರ ಒಳಗೆ ಕಡಿಮೆ ಅಧಿಕಾರದ ನುಡಿಗೆ ಕೈ ಹಾಕಲು ವಿಂಡೋಸ್ ಬಿಡುವುದಿಲ್ಲ. ಎರಡನ್ನೂ ಒಂದೇ ರೀತಿ ತೆರೆದರೆ ಸರಿಹೋಗುತ್ತದೆ.

*ಎರಡು ಆಂಟಿವೈರಸ್*

ಒಂದೇ ತೋಟಕ್ಕೆ ಇಬ್ಬರು ಕಾವಲುಗಾರರನ್ನು ಇಟ್ಟು, ಇಬ್ಬರಿಗೂ ಇನ್ನೊಬ್ಬನ ಪರಿಚಯ ಮಾಡಿಕೊಡದೇ ಇದ್ದ ಹಾಗೆ ಇದು. ಒಂದು ಫೈಲ್ ತೆರೆದರೆ ಎರಡೂ ಅದನ್ನು ಹಿಡಿದುಕೊಳ್ಳುತ್ತವೆ. ಕಂಪ್ಯೂಟರ್ ಆಮೆ ನಡಿಗೆಗೆ ಬರುತ್ತದೆ, ಇನ್‌ಸ್ಟಾಲ್‌ಗಳು ಅರ್ಧಕ್ಕೆ ನಿಲ್ಲುತ್ತವೆ. ವಿಂಡೋಸಿನ ಡಿಫೆಂಡರ್ ಬುದ್ಧಿವಂತ, ಬೇರೆ ಆಂಟಿವೈರಸ್ ಬಂದರೆ ತಾನು ಹಿಂದೆ ಸರಿಯುತ್ತದೆ. ತೊಂದರೆ ಬರುವುದು ಹೊರಗಿನವೇ ಎರಡು ಇದ್ದಾಗ. ಹಳೆಯದರ ಅವಧಿ ಮುಗಿಯಿತು ಎಂದು ಅದನ್ನು ತೆಗೆಯದೆ ಹೊಸದು ಹಾಕುವುದು ಸಾಮಾನ್ಯ. ವಿಂಡೋಸ್ ಸೆಕ್ಯುರಿಟಿ ತೆರೆದು, ಸೆಟ್ಟಿಂಗ್ಸ್‌ನಲ್ಲಿ 'ಮ್ಯಾನೇಜ್ ಪ್ರೊವೈಡರ್ಸ್' ನೋಡಿದರೆ ಎಷ್ಟು ಇವೆ ಎಂದು ಗೊತ್ತಾಗುತ್ತದೆ. ಮಾಮೂಲಿ ಅನ್‌ಇನ್‌ಸ್ಟಾಲ್ ಇವಕ್ಕೆ ಸಾಲದೇ ಹೋಗಬಹುದು. ಹೆಚ್ಚಿನ ಆಂಟಿವೈರಸ್ ಕಂಪನಿಗಳು ಇದಕ್ಕೆಂದೇ ಬೇರೆ ರಿಮೂವಲ್ ಟೂಲ್ ಕೊಡುತ್ತವೆ. ಆಯಾ ಕಂಪನಿಯ ವೆಬ್‌ಸೈಟಿನಿಂದಲೇ ಇಳಿಸಿಕೊಂಡು ಓಡಿಸಿ.

*ಜಗಳದಂತೆ ಕಾಣುವ, ಜಗಳವಲ್ಲದ ಒಂದು*

ಸಾಫ್ಟ್‌ವೇರ್ ಪಟ್ಟಿ ತೆರೆದರೆ 'ಮೈಕ್ರೋಸಾಫ್ಟ್ ವಿಷುವಲ್ ಸಿ ಪ್ಲಸ್ ಪ್ಲಸ್ ರಿಡಿಸ್ಟ್ರಿಬ್ಯೂಟಬಲ್' ಎಂದು ಸಾಲುಸಾಲು ಕಾಣುತ್ತದೆ. 2005, 2008, 2010, 2012, 2013, ಪ್ರತಿಯೊಂದರಲ್ಲೂ ಎಕ್ಸ್86 (32 ಬಿಟ್) ಒಂದು, ಎಕ್ಸ್64 (64 ಬಿಟ್) ಒಂದು. ಇವು ಬೇರೆ ಸಾಫ್ಟ್‌ವೇರ್‌ಗಳು ಓಡಲು ಬೇಕಾದ ಫೈಲ್‌ಗಳ ಗಂಟುಗಳು, ದಯವಿಟ್ಟು ಇವನ್ನು ತೆಗೆಯಬೇಡಿ. ಒಂದೇ ವಸ್ತು ಹತ್ತು ಸಲ ಬಂದಿದೆ ಎಂದು ತಿಳಿದು ಅಳಿಸಿದವರ ಕಂಪ್ಯೂಟರಿನಲ್ಲಿ ಮರುದಿನ ಯಾವುದೂ ತೆರೆಯುವುದಿಲ್ಲ. ಬೇರೆ ಬೇರೆ ಸಾಫ್ಟ್‌ವೇರ್‌ಗಳಿಗೆ ಬೇರೆ ಬೇರೆ ವರ್ಷದ್ದು ಬೇಕು, ಅವು ಅಕ್ಕಪಕ್ಕ ಇರಲೆಂದೇ ಮಾಡಿದವು. 2015ರಿಂದ ಈಚಿನವು ಮಾತ್ರ ಒಂದೇ ಕುಟುಂಬ, ಹೊಸದು ಹಳೆಯದರ ಜಾಗಕ್ಕೆ ಬರುತ್ತದೆ. ಹಾಗಾಗಿ 2017ರದ್ದನ್ನು ಹಾಕಲು ಹೋಗಿ 1638 ಎಂಬ ನಂಬರ್ ಬಂದರೆ ಹೆದರಬೇಕಿಲ್ಲ. ಅದಕ್ಕಿಂತ ಹೊಸದು ಆಗಲೇ ಇದೆ, ಅಷ್ಟೇ.

'0ಎಕ್ಸ್‌ಸಿ000007ಬಿ' (0xc000007b) ಎಂಬ ತಪ್ಪು ಬಂದರೆ ಸಾಮಾನ್ಯವಾಗಿ 32 ಬಿಟ್ ಸಾಫ್ಟ್‌ವೇರ್‌ಗೆ 64 ಬಿಟ್ ಫೈಲ್ ಸಿಕ್ಕಿದೆ, ಅಥವಾ ಅದರ ತಿರುಗುಮುರುಗು. ಆಗ ಎಕ್ಸ್86, ಎಕ್ಸ್64 ಎರಡನ್ನೂ ಮೈಕ್ರೋಸಾಫ್ಟ್ ವೆಬ್‌ಸೈಟಿನಿಂದ ತಂದು ಮತ್ತೆ ಹಾಕಿ. ಎಲ್ಲಿಂದಲೋ ಒಂದು ಡಿಎಲ್‌ಎಲ್ ಫೈಲ್ ಇಳಿಸಿ ಸಿಸ್ಟಂ32 ಒಳಗೆ ಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದರಲ್ಲಿ ವೈರಸ್ ಇರಬಹುದು, ಇಲ್ಲದಿದ್ದರೂ ಜಗಳ ಇನ್ನಷ್ಟು ಗೋಜಲಾಗುತ್ತದೆ.

*ಜಾವಾ, ಡಿಜಿಟಲ್ ಸಹಿ ಮತ್ತು ಪೋರ್ಟ್*

ಒಂದೇ ಕಂಪ್ಯೂಟರಿನಲ್ಲಿ ಜಿಎಸ್‌ಟಿ, ಟೆಂಡರ್, ಬ್ಯಾಂಕ್ ಕೆಲಸ ಮಾಡುವವರಿಗೆ ಈ ತೊಂದರೆ ಜಾಸ್ತಿ. ಇಂಥ ಕೆಲಸದ ಸಾಫ್ಟ್‌ವೇರ್‌ಗಳನ್ನು ಓಡಿಸುವ ಜಾವಾ ಎರಡು ಮೂರು ಸೇರಿಕೊಂಡಿರುತ್ತವೆ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ 'ವೇರ್', ಒಂದು ಸ್ಪೇಸ್, 'ಜಾವಾ' (where java) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಪಟ್ಟಿ ಬರುತ್ತದೆ, ಅದರಲ್ಲಿ ಮೇಲಿರುವುದೇ ಓಡುವುದು. ನಿಮಗೆ ಬೇಕಾದ್ದು ಕೆಳಗಿದ್ದರೆ, 'ಎನ್‌ವಿರಾನ್‌ಮೆಂಟ್ ವೇರಿಯಬಲ್ಸ್' ತೆರೆದು 'ಪಾತ್' ಎಂಬ ಪಟ್ಟಿಯಲ್ಲಿ ಅದನ್ನು ಮೇಲಕ್ಕೆ ಸರಿಸಿ. ಪೈಥಾನ್ ಎರಡು ಹಾಕಿಕೊಂಡ ವಿದ್ಯಾರ್ಥಿಗಳಿಗೂ ಇದೇ ಮದ್ದು.

ಸಹಿ ಹಾಕುವ ಸಣ್ಣ ಸಾಫ್ಟ್‌ವೇರ್‌ಗಳು ಕಂಪ್ಯೂಟರಿನೊಳಗೆ ಒಂದು ಪೋರ್ಟ್ ನಂಬರ್ ಹಿಡಿದು ಕೂತು ಬ್ರೌಸರ್ ಜೊತೆ ಮಾತಾಡುತ್ತವೆ. ಒಂದೇ ನಂಬರನ್ನು ಎರಡು ಹಿಡಿಯಲು ಆಗದು. ಮೊದಲು ಎದ್ದದ್ದು ಹಿಡಿಯುತ್ತದೆ, ಎರಡನೆಯದು ಸುಮ್ನೆ ಬಿದ್ದಿರುತ್ತದೆ. ಕಾಲೇಜು ಪ್ರಾಜೆಕ್ಟಿಗೆ ಕ್ಸಾಂಪ್ ಹಾಕಿದಾಗ ಅದರೊಳಗಿನ ವೆಬ್ ಸರ್ವರ್ ಅಪಾಚೆ ಏಳದಿರುವುದೂ ಇದೇ ಕಾರಣಕ್ಕೆ, ಅಲ್ಲಿ 80 ಅಥವಾ 443 ಬೇರೆಯವರ ಕೈಯಲ್ಲಿರುತ್ತದೆ. ಡೇಟಾಬೇಸ್ ಸಾಫ್ಟ್‌ವೇರ್ ಮೈಸೀಕ್ವೆಲ್ ಎರಡಿದ್ದರೆ 3306ಕ್ಕೆ ಜಗಳ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ನೆಟ್‌ಸ್ಟ್ಯಾಟ್', ಸ್ಪೇಸ್, ಹೈಫನ್, ಅದಕ್ಕೆ ಅಂಟಿಸಿ 'ಎ ಎನ್ ಒ' ಅಕ್ಷರಗಳನ್ನು ಕೊಡಿ (netstat -ano). ಪೋರ್ಟ್ ನಂಬರ್ ಹುಡುಕಿ, ಆ ಸಾಲಿನ ಕೊನೆಯ ಅಂಕಿಯನ್ನು ಟಾಸ್ಕ್ ಮ್ಯಾನೇಜರ್‌ನ 'ಡೀಟೇಲ್ಸ್' ವಿಭಾಗದ ಪಿಐಡಿ ಜೊತೆ ಹೋಲಿಸಿ. ಹಿಡಿದವರ ಹೆಸರು ಸಿಕ್ಕಿತು. ಬೇಡವಾದ್ದನ್ನು ನಿಲ್ಲಿಸಿ, ಅಥವಾ ಅದರ ಸೆಟ್ಟಿಂಗ್‌ನಲ್ಲಿ ನಂಬರ್ ಬದಲಿಸಿ.

*ಆಫೀಸ್ ಮತ್ತು ಪ್ರಿಂಟರ್*

ಮೈಕ್ರೋಸಾಫ್ಟ್ ಆಫೀಸ್‌ನ 32 ಬಿಟ್ ಮತ್ತು 64 ಬಿಟ್ ಒಟ್ಟಿಗೆ ಇರುವುದಿಲ್ಲ, ಒಂದನ್ನು ಪೂರ್ತಿ ತೆಗೆದೇ ಇನ್ನೊಂದು ಹಾಕಬೇಕು. ಪ್ರಿಂಟರ್ ಪಟ್ಟಿಯಲ್ಲಿ ಒಂದೇ ಪ್ರಿಂಟರ್ 'ಕಾಪಿ 1' ಎಂದು ಎರಡು ಸಲ ಇದ್ದರೆ ಎರಡನ್ನೂ ತೆಗೆದು, 'ಪ್ರಿಂಟ್ ಸರ್ವರ್ ಪ್ರಾಪರ್ಟೀಸ್'ನ ಡ್ರೈವರ್ಸ್ ವಿಭಾಗದಿಂದ ಡ್ರೈವರನ್ನೂ ತೆಗೆದು, ವೈರ್ ಕಳಚಿ ರಿಸ್ಟಾರ್ಟ್ ಮಾಡಿ, ಹೊಸದಾಗಿ ಹಾಕಿ.

ಹಂತ 6: ಬೇಡದ್ದನ್ನು ಬೇರು ಸಮೇತ ತೆಗೆಯುವುದು

ಯಾವುದು ಹೋಗಬೇಕು ಎಂದು ಈಗ ಗೊತ್ತಾಗಿದೆ. ಮೊದಲು ರಿಸ್ಟಾರ್ಟ್ ಮಾಡಿ. 1618 ಎಂಬ ನಂಬರ್ ಬಂದರೆ ಹಿನ್ನೆಲೆಯಲ್ಲಿ ಇನ್ನೊಂದು ಇನ್‌ಸ್ಟಾಲ್ ನಡೆಯುತ್ತಿದೆ, ಬಹುಶಃ ವಿಂಡೋಸ್ ಅಪ್‌ಡೇಟ್. ಕಾಯಿರಿ, ಬಲವಂತ ಮಾಡಬೇಡಿ. ಆಮೇಲೆ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಕೊಡಿ. ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನು ಸೀದಾ ಡಿಲೀಟ್ ಮಾಡುವ ಅಭ್ಯಾಸ ಬಿಟ್ಟುಬಿಡಿ. ಫೈಲ್ ಹೋಗುತ್ತದೆ, ವಿಂಡೋಸಿನ ರಿಜಿಸ್ಟ್ರಿಯಲ್ಲಿ ದಾಖಲೆ ಉಳಿಯುತ್ತದೆ, ಜಗಳವೂ ಉಳಿಯುತ್ತದೆ.

ಕರೆಂಟ್ ಹೋಗಿ ಅರ್ಧಕ್ಕೆ ನಿಂತವುಗಳಿಗೆ ಒಂದು ಒಳ್ಳೆಯ ಉಪಾಯ ಇದೆ. ಅದೇ ಆವೃತ್ತಿಯನ್ನು ಅದರ ಮೇಲೇ ಇನ್ನೊಮ್ಮೆ ಪೂರ್ತಿ ಇನ್‌ಸ್ಟಾಲ್ ಮಾಡಿ. ಆಗ ಬಿಟ್ಟುಹೋದ ಫೈಲ್‌ಗಳು ತುಂಬಿಕೊಳ್ಳುತ್ತವೆ, ಅನ್‌ಇನ್‌ಸ್ಟಾಲ್ ಕೂಡ ಸರಿಯಾಗುತ್ತದೆ. ನಂತರ ತೆಗೆಯಿರಿ. ಅದೂ ಆಗದಿದ್ದರೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ 'ಪ್ರೋಗ್ರಾಂ ಇನ್‌ಸ್ಟಾಲ್ ಆ್ಯಂಡ್ ಅನ್‌ಇನ್‌ಸ್ಟಾಲ್ ಟ್ರಬಲ್‌ಶೂಟರ್' ಓಡಿಸಿ.

ತೆಗೆದ ಮೇಲೆ ರಿಸ್ಟಾರ್ಟ್ ಮಾಡಿ ಉಳಿಕೆ ನೋಡಿ. ಪ್ರೋಗ್ರಾಂ ಫೈಲ್ಸ್, ಅದರ ಎಕ್ಸ್86 ಜೋಡಿ, ಪ್ರೋಗ್ರಾಂಡೇಟಾ, ಆ್ಯಪ್‌ಡೇಟಾ, ಈ ನಾಲ್ಕು ಕಡೆ ಅದರ ಹೆಸರಿನ ಫೋಲ್ಡರ್ ಇರಬಹುದು. ಕೊನೆಯ ಎರಡು ಮರೆಯಾಗಿರುತ್ತವೆ, 'ಹಿಡನ್ ಐಟಮ್ಸ್' ಆನ್ ಮಾಡಬೇಕು. ಡಿಲೀಟ್ ಮಾಡುವ ಬದಲು ಹೆಸರಿನ ಮುಂದೆ 'ಹಳೆಯದು' ಎಂದು ಸೇರಿಸಿ ಒಂದು ವಾರ ಬಿಡಿ. ರಿಜಿಸ್ಟ್ರಿ ಕ್ಲೀನರ್‌ಗಳ ಸಹವಾಸ ಮಾತ್ರ ಬೇಡ. ಮೈಕ್ರೋಸಾಫ್ಟ್ ಕೂಡ ಅವನ್ನು ಬಳಸಲು ಹೇಳುವುದಿಲ್ಲ.

ವಿಂಡೋಸಿನ ಫೈಲ್‌ಗಳಿಗೇ ಪೆಟ್ಟಾಗಿದ್ದರೆ ಎರಡು ಆಜ್ಞೆಗಳಿವೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಮೊದಲನೆಯದು: ಡಿಐಎಸ್‌ಎಂ, ಸ್ಪೇಸ್, ಸ್ಲ್ಯಾಷ್ ಆನ್‌ಲೈನ್, ಸ್ಪೇಸ್, ಸ್ಲ್ಯಾಷ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಷ್ ರಿಸ್ಟೋರ್‌ಹೆಲ್ತ್ (DISM /Online /Cleanup-Image /RestoreHealth). ಇದಕ್ಕೆ ಇಂಟರ್‌ನೆಟ್ ಬೇಕು, ಹೊತ್ತು ಹಿಡಿಯುತ್ತದೆ. ಅದು ಮುಗಿದ ಮೇಲೆ ಎರಡನೆಯದು: ಎಸ್‌ಎಫ್‌ಸಿ, ಸ್ಪೇಸ್, ಸ್ಲ್ಯಾಷ್ ಸ್ಕ್ಯಾನ್‌ನೌ (sfc /scannow). ಕ್ರಮ ಹೀಗೇ ಇರಲಿ. ಎರಡನೆಯದು ಒಳ್ಳೆಯ ಫೈಲ್ ತರುವ ಉಗ್ರಾಣವನ್ನು ಮೊದಲನೆಯದು ಸರಿಮಾಡುತ್ತದೆ.

ಹಂತ 7: ಮತ್ತೆ ಹಾಕುವ ಕ್ರಮ

ಹಳೆಯ ಆವೃತ್ತಿ ಮೊದಲು, ಹೊಸದು ಆಮೇಲೆ. ಒಂದು ಹಾಕಿ, ರಿಸ್ಟಾರ್ಟ್ ಮಾಡಿ, ಹಿಂದೆ ಕೆಟ್ಟಿದ್ದನ್ನು ತೆರೆದು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ಮುಂದಿನದು. ನೆಟ್‌ವರ್ಕ್ ಬಂದು ಹೋಗುವ ಊರಿನಲ್ಲಿದ್ದರೆ 'ಆಫ್‌ಲೈನ್ ಇನ್‌ಸ್ಟಾಲರ್' ಇಳಿಸಿಕೊಳ್ಳಿ. ಹಾಕುತ್ತಾ ಹಾಕುತ್ತಾ ಇಂಟರ್‌ನೆಟ್‌ನಿಂದ ತರಿಸಿಕೊಳ್ಳುವ ಸಣ್ಣ ಇನ್‌ಸ್ಟಾಲರ್‌ಗಳು ಮಧ್ಯದಲ್ಲಿ ನಿಂತರೆ ಮತ್ತೆ ಅರ್ಧಂಬರ್ಧವೇ ಗತಿ. ಪೇಟೆಗೆ ಹೋದಾಗ ಪೆನ್‌ಡ್ರೈವ್‌ನಲ್ಲಿ ತಂದಿಟ್ಟುಕೊಂಡರೂ ಆಯಿತು.

ಇಷ್ಟಾದರೂ ಎರಡು ಸಾಫ್ಟ್‌ವೇರ್ ಕೂಡಿ ಬಾಳಲು ಒಪ್ಪದೇ ಇರಬಹುದು. ಆಗ ಒಂದನ್ನು ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಇನ್ನೊಂದು ಕಂಪ್ಯೂಟರ್) ಒಳಗೆ ಇಡಿ. ವರ್ಚುವಲ್‌ಬಾಕ್ಸ್ ಉಚಿತವಾಗಿ ಸಿಗುತ್ತದೆ, ವಿಂಡೋಸ್ ಪ್ರೊ ಇದ್ದವರಿಗೆ ಹೈಪರ್‌ವಿ ಒಳಗೇ ಇದೆ. 8 ಜಿಬಿ ರ್‍ಯಾಮ್ ಇದ್ದರೆ ಪೇಜ್‌ಮೇಕರ್ ಮತ್ತು ನುಡಿಯನ್ನು ಒಳಗೆ ಹಾಕಿ, ಹೊರಗೆ ಯೂನಿಕೋಡ್‌ನಲ್ಲಿ ಆರಾಮಾಗಿ ಕೆಲಸ ಮಾಡಬಹುದು. ಒಳಗಿನ ವಿಂಡೋಸ್‌ಗೂ ಲೈಸೆನ್ಸ್ ಬೇಕು ಎಂಬುದು ಗಮನದಲ್ಲಿರಲಿ.

ಫಾರ್ಮ್ಯಾಟ್ ಯಾವಾಗ ಸರಿ?

ವೈರಸ್ ಹೊಕ್ಕು ಫೈಲ್‌ಗಳನ್ನು ಬೀಗ ಹಾಕಿದ್ದರೆ ಫಾರ್ಮ್ಯಾಟ್ ಬೇಕು. ಡಿಸ್ಕ್ ಬದಲಿಸಿದರೆ ಬೇಕು. ಕದ್ದ ವಿಂಡೋಸ್ ಹಾಕಿ, ಅದರ ಅಪ್‌ಡೇಟ್‌ಗಳನ್ನೆಲ್ಲ ಯಾರೋ ಮುಚ್ಚಿಟ್ಟಿದ್ದರೂ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೇಗೂ ಹೊಸದಾಗಿ ಹಾಕುವುದಾದರೆ, ಕಂಪ್ಯೂಟರಿಗೆ ಓಡಿಸುವ ಶಕ್ತಿ ಇದ್ದರೆ 11ನ್ನೇ ಹಾಕಿ. ಅದಕ್ಕೂ ಮೊದಲು ಟ್ಯಾಲಿ ಲೈಸೆನ್ಸನ್ನು ಅದರ ಒಳಗಿನಿಂದಲೇ 'ಸರೆಂಡರ್' ಮಾಡಿ, ಟೋಕನ್‌ನ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ.

ಎಲ್ಲ ಹಾಕಿ, ಎಲ್ಲ ಸರಿಯಾಗಿ ಓಡುವುದನ್ನು ನೋಡಿದ ದಿನವೇ ಇನ್ನೊಂದು ಕೆಲಸ ಮಾಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಬ್ಯಾಕಪ್ ಆ್ಯಂಡ್ ರಿಸ್ಟೋರ್' ತೆರೆಯಿರಿ, ಅದರ ಪಕ್ಕ 'ವಿಂಡೋಸ್ 7' ಎಂದು ಬರೆದಿದ್ದರೂ ಹೊಸ ವಿಂಡೋಸ್‌ನಲ್ಲೂ ಅದು ಕೆಲಸ ಮಾಡುತ್ತದೆ. ಎಡಗಡೆ 'ಕ್ರಿಯೇಟ್ ಎ ಸಿಸ್ಟಂ ಇಮೇಜ್' ಇದೆ. ಹೊರಗಿನ ಹಾರ್ಡ್‌ಡಿಸ್ಕ್ ಸಿಕ್ಕಿಸಿ ಇಡೀ ಸಿ ಡ್ರೈವಿನ ನಕಲು ತೆಗೆಯಿರಿ. ಅಲ್ಲೇ 'ಸಿಸ್ಟಂ ರಿಪೇರ್ ಡಿಸ್ಕ್' ಕೂಡ ಕೇಳುತ್ತದೆ. ಡಿವಿಡಿ ಡ್ರೈವ್ ಇಲ್ಲದವರು ಅದನ್ನು ಬಿಟ್ಟು, ಸ್ಟಾರ್ಟ್‌ನಲ್ಲಿ 'ರಿಕವರಿ ಡ್ರೈವ್' ಹುಡುಕಿ ಒಂದು ಖಾಲಿ ಪೆನ್‌ಡ್ರೈವ್‌ಗೆ ಮಾಡಿಟ್ಟುಕೊಳ್ಳಿ. ಹಾರ್ಡ್‌ಡಿಸ್ಕಿಗೆ ತಾರೀಕು ಬರೆದ ಚೀಟಿ ಅಂಟಿಸಿ, ಪೆನ್‌ಡ್ರೈವ್ ಜೊತೆಗೆ ತೇವ ತಾಗದ ಡಬ್ಬಿಯಲ್ಲಿ ಇಡಿ.